ಹದಿನೆಂಟು ತೋಳಿನ ಗಡಿ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ನಮ್ಮ ವಿಜ್ಞಾನದ ಮೇಷ್ಟರು ಗಜದುದ್ದದ ಗಾಜಿನ ನಳಿಗೆಯೊಂದನ್ನೂ, ಪಿಂಗಾಣಿಯ ಬಟ್ಟಲೊಂದನ್ನೂ, ಬೀಗ ಹಾಕಿದ ಬೀರುವಿನಿಂದ ಅತಿ ಜೋಪಾನವಾಗಿ ಹೊರತೆಗೆದ ಪಾದರಸದ ಸೀಸೆಯನ್ನೂ ಮೇಜಿನ ಮೇಲಿಟ್ಟು, ನಳಿಗೆಯನ್ನು ತುಂಬಿ, ಬಾಯಿಗೆ ಹೆಬ್ಬೆರಳನ್ನೊತ್ತಿ, ಬೋರಲು ಮಾಡಿ ಬಟ್ಟಲಿನ ಪಾದರಸದೊಳಗೆ ಮುಳುಗಿಸಿ ಬೆರಳನ್ನು ತೆಗೆದರು. ಬೆಳ್ಳಿಯ ಕಂಬ ಒಮ್ಮೆ ಕೆಳಕ್ಕೆ ಜಾರಿ, ತೂಗಾಡಿ, ನಿಂತಿತು. ಅಳತೆಯ ಕಡ್ಡಿ ಹಿಡಿದು ನೋಡಿದರೆ ಅರವತ್ತೆಂಟೂವರೆ ಸೆಂಟಿಮೀಟರು. ನಮ್ಮ ಪಠ್ಯಪುಸ್ತಕದಲ್ಲಿಯೋ ಎಪ್ಪತ್ತಾರು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮುಂದಿನ ಬೆಂಚಿನ ಜಾಣನೊಬ್ಬ ಎದ್ದು, "ಗಾಳಿ ನುಗ್ಗಿದೆ ಸಾರ್, ಇನ್ನೊಂದು ಸಲ ಮಾಡಿ" ಎಂದನು. ಇನ್ನೊಂದು ಸಲ ಮಾಡಿದರು, ಅರವತ್ತೆಂಟೂವರೆಯೇ. ಮೇಷ್ಟರು ಕೈಗೆ ಅಂಟಿದ್ದ ಪಾದರಸದ ಹನಿಗಳನ್ನು ಬಟ್ಟಲಿಗೆ ಕೊಡವುತ್ತ, "ಪುಸ್ತಕ ಬರೆದವರು ಸಮುದ್ರದ ದಂಡೆಯಲ್ಲಿ ಕೂತು ಬರೆದಿದ್ದಾರೆ ಕಣಯ್ಯ, ನೀನು ಓದುತ್ತಿರೋದು ಬೆಂಗಳೂರಿನಲ್ಲಿ" ಎಂದರು.

ಆ ಏಳೂವರೆ ಸೆಂಟಿಮೀಟರಿನ ಅಂತರ ಅಂದು ನಮಗೆ ಒಂದು ತಮಾಷೆಯಾಗಿ ಕಂಡಿತೇ ಹೊರತು ಅದರ ಹಿಂದೆ ನಿಂತ ಕಥೆಯ ಅರಿವು ನಮಗಾಗಲಿಲ್ಲ. ಪಠ್ಯಪುಸ್ತಕಗಳ ಸ್ವಭಾವವೇ ಹಾಗೆ; ಅವು ಫಲವನ್ನು ಕೊಯ್ದು ಕೈಗಿಡುತ್ತವೆ, ಗಿಡವನ್ನು ತೋರಿಸುವುದಿಲ್ಲ. ವಾಯುವಿಗೆ ಭಾರವುಂಟೆಂಬ, ನಾವು ಅದರ ತಳದಲ್ಲಿ ವಾಸಿಸುತ್ತಿದ್ದೇವೆಂಬ ಈ ಅರಿವು ಯಾವ ಪಂಡಿತನ ಏಕಾಂತಚಿಂತನೆಯಲ್ಲಿಯೂ ಮೊಳೆತುದಲ್ಲ. ಅದರ ಬೀಜ ಬಿದ್ದುದು ಇಟಲಿ ದೇಶದ ಒಂದು ನೀರಿನ ತೊಟ್ಟಿಯ ಬಳಿಯಲ್ಲಿ. ಬಿತ್ತಿದವನು ಹೆಸರೂ ಉಳಿಯದ ಒಬ್ಬ ಪಂಪು ರಿಪೇರಿಯವನು.

1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಗಿ ಹೊರಬಂದ, ಎರಡು ಹೊಸ ಶಾಸ್ತ್ರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಪ್ರಸಂಗವನ್ನು ಸಂಭಾಷಣೆಯ ನಡುವೆ ಒಂದು ಪಾತ್ರದ ಬಾಯಿಂದ ಹೇಳಿಸುತ್ತಾನೆ. ತೊಟ್ಟಿಯೊಂದಕ್ಕೆ ಹಾಕಿದ್ದ ಚೋಷಣದ ಪಂಪು ನೀರು ಒಂದು ಮಟ್ಟದವರೆಗೆ ತುಂಬಿರುವಷ್ಟು ಕಾಲ ಧಾರಾಳವಾಗಿ ಎಳೆಯುತ್ತಿದ್ದು, ಮಟ್ಟ ಅದಕ್ಕಿಂತ ಕೆಳಗಿಳಿದೊಡನೆ ಒಂದು ಹನಿಯನ್ನೂ ಎತ್ತದೆ ಸುಮ್ಮನಾಗುತ್ತದೆ. ಯಂತ್ರ ಕೆಟ್ಟಿತೆಂದು ಕೆಲಸದವನನ್ನು ಕರೆಯಿಸಿದರೆ, ಆತನು ಪರೀಕ್ಷಿಸಿ ನೋಡಿ, ದೋಷವೇನಿದ್ದರೂ ನೀರಿನದು, ಪಂಪಿನದಲ್ಲ; ದೊಡ್ಡ ಪಂಪಾಗಲಿ ಚಿಕ್ಕದಾಗಲಿ, ಹದಿನೆಂಟು ತೋಳಿನ ಮೇಲೆ ಒಂದು ಕೂದಲೆಳೆಯಷ್ಟೂ ಅದು ನೀರನ್ನು ಎಳೆಯಲಾರದೆಂದು ಹೇಳಿ ಹೊರಟುಹೋಗುತ್ತಾನೆ. ಆ ಸೀಮೆಯವರು ಬಟ್ಟೆಯನ್ನೂ ಗೋಡೆಯನ್ನೂ ಅಳೆಯುತ್ತಿದ್ದ 'ಬ್ರಾಚ್ಚೊ' ಎಂಬ ಮಾನಕ್ಕೆ ತೋಳೆಂದೇ ಅರ್ಥ. ನಮ್ಮ ಮೊಳಕ್ಕಿಂತ ಅದು ಅರ್ಧ ಗೇಣಿಗೆ ಕೊಂಚ ಮಿಕ್ಕಷ್ಟು ಹೆಚ್ಚು. ಹದಿನೆಂಟು ತೋಳೆಂದರೆ ಸುಮಾರು ಹತ್ತೂವರೆ ಮೀಟರು.

ಈ ಮಾತು ಆ ಕಾಲದ ವಿದ್ವಾಂಸರಿಗೆ ಎಷ್ಟು ಇರಿಸುಮುರಿಸಿನದಾಗಿತ್ತೆಂಬುದನ್ನು ತಿಳಿಯಬೇಕಾದರೆ, ಪಂಪು ನೀರನ್ನು ಏಕೆ ಎಳೆಯುತ್ತದೆಂಬುದಕ್ಕೆ ಅವರು ಅಲ್ಲಿಯವರೆಗೆ ಕೊಡುತ್ತಿದ್ದ ಕಾರಣವನ್ನು ತಿಳಿಯಬೇಕು. ಅರಿಸ್ಟಾಟಲನ ಅನುಯಾಯಿಗಳ ಮತದಲ್ಲಿ ಪ್ರಕೃತಿಗೆ ಶೂನ್ಯವೆಂದರೆ ಜುಗುಪ್ಸೆ. ಉರುಳೆಯೊಳಗಿನ ಆಡುಬೆಣೆಯನ್ನು ಮೇಲಕ್ಕೆಳೆದರೆ ಅದರ ಕೆಳಗೆ ಬರಿದಾದ ಎಡೆಯೊಂದು ಉಂಟಾಗಬೇಕಷ್ಟೆ. ಅದನ್ನು ಸಹಿಸಲಾರದ ಪ್ರಕೃತಿ ನೀರನ್ನು ಮೇಲಕ್ಕೆ ಅಟ್ಟಿ ಆ ಎಡೆಯನ್ನು ತುಂಬಿಸುತ್ತದೆ. ಶೂನ್ಯಕ್ಕೆ ಸಿಂಹಾಸನವನ್ನೇ ಹಾಕಿ ಅಲ್ಲಮನನ್ನು ಅದರ ಮೇಲೆ ಕೂರಿಸಿದ ನಾಡಿನವರಾದ ನಮಗೆ ಈ ಶೂನ್ಯಭೀತಿ ಸ್ವಲ್ಪ ವಿಚಿತ್ರವಾಗಿ ತೋರಬಹುದಾದರೂ, ಪಾಶ್ಚಾತ್ಯ ಪಾಠಶಾಲೆಗಳಲ್ಲಿ ಅದು ಶತಮಾನಗಳ ಕಾಲ ಪ್ರಶ್ನಾತೀತವಾಗಿತ್ತು. ಆದರೆ ಜುಗುಪ್ಸೆಗೂ ಒಂದು ಅಳತೆಯುಂಟೆ? ಹದಿನೇಳು ತೋಳಿನವರೆಗೆ ಶೂನ್ಯವನ್ನು ಕಂಡು ಹೇಸುವ ಪ್ರಕೃತಿ ಹತ್ತೊಂಬತ್ತನೆಯ ತೋಳಿನಲ್ಲಿ ಅದರೊಡನೆ ರಾಜಿಯಾಗುವುದೆಂದರೇನು?

ನಮ್ಮ ಬಾವಿಗಳ ಬಳಿ ಈ ಪ್ರಶ್ನೆ ಹುಟ್ಟದಿದ್ದುದಕ್ಕೆ ಒಂದು ಸರಳವಾದ ಕಾರಣವುಂಟು. ನಮ್ಮ ಏತವಾಗಲಿ, ರಾಟೆಯಾಗಲಿ, ಕಪಿಲೆಯಾಗಲಿ ನೀರನ್ನು ಹೀರುವುದಿಲ್ಲ, ಹೊರುತ್ತದೆ. ಎರಡು ಎತ್ತುಗಳು ಇಳಿಜಾರಿನಲ್ಲಿ ಹಿಂದುಮುಂದಾಗಿ ನಡೆದು ಮಿಣಿಯ ತುದಿಯ ತೊಗಲಿನ ಚೀಲವನ್ನು ಮೇಲಕ್ಕೆಳೆಯುವಾಗ, ಬಾವಿಯ ಆಳ ಹದಿನೆಂಟು ತೋಳೋ ಮೂವತ್ತೋ ಎಂಬುದು ಮಿಣಿಯ ಉದ್ದಕ್ಕೂ ಎತ್ತಿನ ಕಸುವಿಗೂ ಸೇರಿದ ವಿಚಾರವೇ ಹೊರತು ಗಾಳಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಗಡಿ ಎದುರಾಗುವುದು ಹೀರಲು ಹೊರಟವನಿಗೆ ಮಾತ್ರ.

ಗೆಲಿಲಿಯೋ ಆ ಕೆಲಸದವನ ಮಾತನ್ನು ನಂಬಿದನು. ಅದು ಅವನ ದೊಡ್ಡತನ. ಆದರೆ ಅವನು ಕೊಟ್ಟ ಕಾರಣ ತಪ್ಪಾಗಿತ್ತು. ಮೇಲಿನಿಂದ ಇಳಿಬಿಟ್ಟ ಹಗ್ಗ ಬಹಳ ಉದ್ದವಾದರೆ ತನ್ನ ಭಾರಕ್ಕೆ ತಾನೇ ಹರಿದು ಬೀಳುವಂತೆ, ನೀರಿನ ಕಂಬವೂ ಹದಿನೆಂಟು ತೋಳಿಗೆ ತನ್ನ ಭಾರದಿಂದಲೇ ಕಡಿದುಬೀಳುತ್ತದೆ ಎಂದು ಅವನ ಊಹೆ. ಸೋಜಿಗವೆಂದರೆ, ಅದೇ ಗ್ರಂಥದಲ್ಲಿ ಗಾಳಿಗೆ ಭಾರವಿದೆಯೆಂದೂ ನೀರು ಅದಕ್ಕಿಂತ ನಾನೂರು ಪಟ್ಟಿನಷ್ಟು ಭಾರವೆಂದೂ ತಾನೇ ತೂಗಿ ನೋಡಿ ಬರೆದಿದ್ದಾನೆ. ಸಂಖ್ಯೆ ನಿಜಕ್ಕೆ ಅರ್ಧದಷ್ಟೇ ಆದರೂ ತತ್ತ್ವ ಸರಿ. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಪುಸ್ತಕದಲ್ಲಿ ಇಟ್ಟುಕೊಂಡು, ಒಂದರೊಳಗೆ ಇನ್ನೊಂದನ್ನು ಹಾಕಿ ತಿರುಗಿಸಲಿಲ್ಲ ಆ ಮುದುಕ. ಅದಕ್ಕೂ ಎಂಟು ವರ್ಷ ಮೊದಲೇ, 1630ರಲ್ಲಿ, ಜಿನೋವಾ ನಗರದ ಬಾಲಿಯಾನಿ ಎಂಬಾತನು, ಸುಮಾರು ಇಪ್ಪತ್ತೊಂದು ಮೀಟರಿನ ದಿಣ್ಣೆಯೊಂದನ್ನು ಹಾಯಿಸಿ ಹಾಕಿದ ಬಾಗುಕೊಳವೆಯಲ್ಲಿ ನೀರು ಹರಿಯಲೊಲ್ಲದೆಂದು ಅವನಿಗೆ ಕಾಗದ ಬರೆದು ಕೇಳಿದ್ದನು. ಹಗ್ಗದ ಉಪಮಾನವೇ ಉತ್ತರವಾಗಿ ಬಂದಾಗ, ಅದು ನಮ್ಮೆಲ್ಲರ ಮೇಲೆ ಕುಳಿತ ಗಾಳಿಯ ಭಾರದ ಕೆಲಸವಿರಬಾರದೇಕೆ ಎಂದು ಮರುಪತ್ರದಲ್ಲಿ ಸೂಚಿಸಿಯೂ ಇದ್ದನು. ದೊಡ್ಡವರ ಮೇಜಿನ ಮೇಲೆ ಇಂಥ ಎಷ್ಟು ಕಾಗದಗಳು ಉತ್ತರ ಕಾಣದೆ ಉಳಿಯುತ್ತವೆಯೋ!

ರೋಮಿನಲ್ಲಿ ಗಾಸ್ಪಾರೋ ಬೆರ್ತಿ ಎಂಬಾತನು ತನ್ನ ಮನೆಯ ಗೋಡೆಗೆ ಹದಿನೆಂಟು ತೋಳಿಗಿಂತ ಎತ್ತರದ ಸೀಸದ ಕೊಳವೆಯನ್ನು ನಿಲ್ಲಿಸಿ, ನೀರು ತುಂಬಿ, ತುದಿಯನ್ನು ಮುಚ್ಚಿ, ಬುಡದ ತಿರುಪನ್ನು ಬಿಚ್ಚಿ, ನೀರು ಇಳಿದಿಳಿದು ಆ ಪಂಪಿನವನು ಹೇಳಿದ ಮಟ್ಟಕ್ಕೇ ಬಂದು ನಿಂತುದನ್ನು ನಾಲ್ಕು ಜನರಿಗೆ ತೋರಿಸಿದನು. ಮೇಲೆ ಉಳಿದ ಎಡೆಯಲ್ಲಿ ಏನಿದೆಯೆಂಬುದರ ಬಗ್ಗೆ ಪಾದ್ರಿಗಳು ಬಹುಕಾಲ ಜಗಳವಾಡಿದರು. ಆದರೆ ಐದಾರು ಆಳೆತ್ತರದ ಕೊಳವೆಯನ್ನು ಯಾರು ಎಲ್ಲಿಗೆ ಹೊತ್ತು ತಿರುಗುವುದು?

ಆ ತೊಡಕನ್ನು ಬಿಡಿಸಿದವನು ಇವಾಂಜೆಲಿಸ್ತ ಟಾರಿಚೆಲ್ಲಿ. ಕುರುಡನಾಗಿ ಮನೆಯ ಸೆರೆಯಲ್ಲಿದ್ದ ಗೆಲಿಲಿಯೋವಿನ ಕೊನೆಯ ಮೂರು ತಿಂಗಳು ಆತನ ಬಳಿಯಿದ್ದು ಬರೆದುಕೊಂಡವನು. 1642ರ ಜನವರಿಯಲ್ಲಿ ಗುರು ತೀರಿಕೊಂಡ ಮೇಲೆ ಟಸ್ಕನಿಯ ದೊರೆಯ ಆಸ್ಥಾನದಲ್ಲಿ ಆತನ ಸ್ಥಾನಕ್ಕೆ ಬಂದವನು. ನೀರಿನ ಬದಲು, ಅದಕ್ಕಿಂತ ಹದಿಮೂರೂವರೆ ಪಟ್ಟಿಗೂ ಮಿಕ್ಕು ಭಾರವಾದ ಪಾದರಸವನ್ನು ಬಳಸಿದರೆ ಹದಿನೆಂಟು ತೋಳಿನ ಕಂಬ ಕೈಯಳತೆಗೆ ಕುಗ್ಗೀತೆಂಬುದು ಅವನ ಯೋಜನೆ. ಫ್ಲಾರೆನ್ಸಿನಲ್ಲಿ 1644ರ ವಸಂತದಲ್ಲಿ, ಗೆಲಿಲಿಯೋವಿನ ಇನ್ನೊಬ್ಬ ಶಿಷ್ಯನಾದ ವಿವಿಯಾನಿ ಎರಡು ತೋಳಿನುದ್ದದ ಗಾಜಿನ ನಳಿಗೆಯಲ್ಲಿ ಪ್ರಯೋಗವನ್ನು ಮಾಡಿ ನೋಡಿದಾಗ, ಪಾದರಸ ಒಂದೂಕಾಲು ತೋಳು ಮತ್ತು ಮೇಲೊಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಹದಿನೆಂಟನ್ನು ಹದಿಮೂರೂವರೆಯಿಂದ ಭಾಗಿಸಿ ನೋಡುವ ವಾಚಕರಿಗೆ ಆ ಬೆರಳಿನ ಲೆಕ್ಕವೂ ಹೆಚ್ಚುಕಡಮೆ ಕೂಡಿಬರುವುದು.

ನನಗೆ ಇದಕ್ಕಿಂತಲೂ ಹೆಚ್ಚಾಗಿ ಮೆಚ್ಚಿಗೆಯಾದುದು, ಅದೇ ವರ್ಷದ ಜೂನ್ 11ರಂದು ರೋಮಿನ ಮಿತ್ರ ರಿಚ್ಚಿಗೆ ಟಾರಿಚೆಲ್ಲಿ ಬರೆದ ಪತ್ರದಲ್ಲಿ ವರ್ಣಿತವಾದ ಎರಡನೆಯ ನಳಿಗೆ. ಒಂದು ನಳಿಗೆ ತುದಿಯವರೆಗೂ ಒಂದೇ ಸಮವಾದುದು. ಇನ್ನೊಂದರ ತುದಿಯಲ್ಲಿ ಗಾಜನ್ನು ಊದಿ ದೊಡ್ಡ ಬುರುಡೆಯೊಂದನ್ನು ಮಾಡಿದೆ. ಎರಡನ್ನೂ ತುಂಬಿ ಒಂದೇ ಬಟ್ಟಲಿನಲ್ಲಿ ಬೋರಲು ನಿಲ್ಲಿಸಿದರೆ, ಮೇಲಿನ ಬರಿದಾದ ಎಡೆ ಒಂದರಲ್ಲಿ ಬೆರಳಿನಷ್ಟು, ಇನ್ನೊಂದರಲ್ಲಿ ಸೀಸೆಯಷ್ಟು. ಪಾದರಸವನ್ನು ಎತ್ತಿ ಹಿಡಿದಿರುವುದು ಒಳಗಿನ ಶೂನ್ಯದ ಸೆಳೆತವೇ ಆಗಿದ್ದ ಪಕ್ಷದಲ್ಲಿ ದೊಡ್ಡ ಶೂನ್ಯ ಹೆಚ್ಚಾಗಿ ಎಳೆಯಬೇಕಿತ್ತು. ಎರಡು ಕಂಬಗಳೂ ಒಂದೇ ಮಟ್ಟದಲ್ಲಿ ನಿಂತಿದ್ದವು. ಆದುದರಿಂದ ಬಲ ಒಳಗಿನದಲ್ಲ, ಹೊರಗಿನದು. ಬಟ್ಟಲಿನ ಪಾದರಸದ ಮೇಲೆ ಕುಳಿತು ಒತ್ತುತ್ತಿರುವ ವಾಯುಸಮುದ್ರದ್ದು. ಒಂದು ಬುರುಡೆಯ ಗಾಜಿನಿಂದ ಇಷ್ಟು ದೊಡ್ಡ ಮತವೊಂದನ್ನು ಉರುಳಿಸಿದ ನಿದರ್ಶನ ಶಾಸ್ತ್ರಗಳ ಚರಿತ್ರೆಯಲ್ಲಿ ವಿರಳ. ಟಾರಿಚೆಲ್ಲಿ ಇದನ್ನು ಅಚ್ಚು ಹಾಕಿಸಲಿಲ್ಲ. ಗುರುವಿಗೆ ಒದಗಿದ ಗತಿಯನ್ನು ಹತ್ತಿರದಿಂದ ಕಂಡವನು ಅವನು. ಮೂರು ವರ್ಷಗಳ ಮೇಲೆ, ಮೂವತ್ತೊಂಬತ್ತರ ಪ್ರಾಯದಲ್ಲಿಯೇ ತೀರಿಕೊಂಡನು.

ಸುದ್ದಿ ಫ್ರಾನ್ಸಿಗೆ ಹೋದುದು ಮೆರ್ಸೆನ್ ಎಂಬ ಸಂನ್ಯಾಸಿಯ ಮೂಲಕ. ಒಳ್ಳೆಯ ಗಾಜಿಗೆ ಹೆಸರಾದ ರುವಾನ್ ನಗರದಲ್ಲಿ ಇಪ್ಪತ್ತಮೂರು ವರ್ಷದ ಬ್ಲೇಸ್ ಪಾಸ್ಕಲ್ ನಲವತ್ತಾರು ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಹಡಗಿನ ಕೂವೆಮರಕ್ಕೆ ಕಟ್ಟಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಕೆಂಪು ದ್ರಾಕ್ಷಾರಸವನ್ನೂ ತುಂಬಿಸಿ ಜನರ ಮುಂದೆ ನಿಲ್ಲಿಸಿದನು. ಮದ್ಯದಿಂದ ಆವಿ ಹೆಚ್ಚಾಗಿ ಏಳುವುದರಿಂದ, ಮೇಲಿನ ಎಡೆಯಲ್ಲಿರುವುದು ಆವಿಯೇ ಆಗಿದ್ದರೆ ಮದ್ಯದ ಕಂಬ ಹೆಚ್ಚು ತಗ್ಗಬೇಕೆಂದು ಪ್ರತಿಪಕ್ಷದವರ ವಾದ. ನೀರಿಗಿಂತ ಹಗುರವಾದ ಮದ್ಯ, ಹಗುರವಾದುದರಿಂದಲೇ, ನೀರಿಗಿಂತ ಎತ್ತರದಲ್ಲಿ ನಿಂತಿತು.

ಆದರೂ ವಾದ ತೀರಲಿಲ್ಲ. ಒತ್ತುತ್ತಿರುವುದು ನಮ್ಮ ಮೇಲಿನ ಗಾಳಿಯೇ ಹೌದಾದರೆ, ಬೆಟ್ಟ ಹತ್ತಿದವನ ಮೇಲೆ ಗಾಳಿ ಕಡಮೆಯಿರಬೇಕು, ಪಾದರಸ ಇಳಿಯಬೇಕು. ಬೆಟ್ಟದ ನೆತ್ತಿಯಲ್ಲಿ ಪ್ರಕೃತಿಗೆ ಶೂನ್ಯದ ಮೇಲಣ ಹೇಸಿಗೆ ಕಡಮೆಯಾಗುವುದೆಂದು ಯಾರೂ ಹೇಳಲಾರರು. ಪಾಸ್ಕಲನು ರೋಗಿಷ್ಠ, ಇದ್ದುದು ಪ್ಯಾರಿಸ್ಸಿನ ಬಯಲಿನಲ್ಲಿ. ಹುಟ್ಟೂರಾದ ಕ್ಲೆರ್ಮಾನಿನ ಬಳಿ ಪ್ವೀ ದ ದೋಮ್ ಎಂಬ ಆರಿಹೋದ ಜ್ವಾಲಾಮುಖಿಯ ಬೆಟ್ಟವಿದೆ. ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಅಲ್ಲಿಯೇ ನ್ಯಾಯಸ್ಥಾನದಲ್ಲಿ ಅಧಿಕಾರಿ. 1647ರ ನವೆಂಬರಿನಲ್ಲಿ ಭಾವನಿಗೆ ಕಾಗದ ಹೋಯಿತು. ಭಾವಂದಿರಿಗೆ ಹೇಳಿದ ಕೆಲಸ ಎಲ್ಲ ದೇಶಗಳಲ್ಲಿಯೂ ಒಂದೇ ವೇಗದಲ್ಲಿ ಸಾಗುವುದೆಂದು ತೋರುತ್ತದೆ: ಬೆಟ್ಟ ಹತ್ತಿದುದು ಹತ್ತು ತಿಂಗಳ ಮೇಲೆ, 1648ರ ಸೆಪ್ಟೆಂಬರ್ 19ನೆಯ ಶನಿವಾರ.

ಆದರೆ ಮಾಡಿದ ಕೆಲಸದ ಅಚ್ಚುಕಟ್ಟುತನವನ್ನು ನೋಡಿದರೆ ತಡವಾದುದನ್ನು ಮನ್ನಿಸಬಹುದು. ಬೆಳಗಿನ ಮಬ್ಬು ಹರಿದು ಬೆಟ್ಟದ ನೆತ್ತಿ ಕಾಣಿಸಿಕೊಂಡ ಮೇಲೆ, ಪೆರಿಯೆ ಊರಿನ ಕೆಲವರು ಪಾದ್ರಿಗಳನ್ನೂ ಒಬ್ಬ ವೈದ್ಯನನ್ನೂ ಕರೆದುಕೊಂಡು, ಊರಿನಲ್ಲೆಲ್ಲ ತಗ್ಗಾದ ಜಾಗವಾಗಿದ್ದ ಮಠವೊಂದರ ತೋಟಕ್ಕೆ ಹೋಗಿ, ಒಂದೇ ಗಾತ್ರದ ಎರಡು ನಳಿಗೆಗಳನ್ನು ತುಂಬಿ ಒಂದೇ ಬಟ್ಟಲಿನಲ್ಲಿ ನಿಲ್ಲಿಸಿ, ಎರಡೂ ಒಂದೇ ಎತ್ತರವೆಂಬುದನ್ನು ಎಲ್ಲರಿಗೂ ತೋರಿಸಿದನು: ಇಪ್ಪತ್ತಾರು ಅಂಗುಲ ಮೂರೂವರೆ ಗೆರೆ. ಒಂದು ನಳಿಗೆಯನ್ನು ಅಲ್ಲಿಯೇ ಬಿಟ್ಟು, ದಿನವಿಡೀ ಅದರ ಪಕ್ಕದಲ್ಲಿ ಕುಳಿತು ಏರಿಳಿತವಾಗುವುದೇ ಎಂದು ನೋಡುತ್ತಿರಲು ಮಠದ ಒಬ್ಬ ಪಾದ್ರಿಯನ್ನು ನೇಮಿಸಿದನು. ಉಳಿದವರು ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ನೆತ್ತಿಯಲ್ಲಿ ಪಾದರಸ ಇಪ್ಪತ್ತಮೂರು ಅಂಗುಲ ಎರಡು ಗೆರೆಗೆ ನಿಂತಿತು. ಮೂರಂಗುಲಕ್ಕೂ ಹೆಚ್ಚಿನ ವ್ಯತ್ಯಾಸ! ಕಣ್ಣನ್ನು ನಂಬಲಾರದೆ ಅವರು ಅಲ್ಲಿದ್ದ ಪುಟ್ಟ ಪ್ರಾರ್ಥನಾಮಂದಿರದ ಒಳಗೆ, ಹೊರಗೆ ಬಯಲಿನಲ್ಲಿ, ಮರೆಯಲ್ಲಿ, ಗಾಳಿಗೆದುರಾಗಿ, ಮಂಜು ಮುಸುಕಿದಾಗ, ಹೀಗೆ ಐದು ಸಲ ಪ್ರಯೋಗವನ್ನು ಮಾಡಿ ನೋಡಿದರು. ಫಲ ಬದಲಾಗಲಿಲ್ಲ. ಇಳಿಯುವಾಗ ನಡುದಾರಿಯಲ್ಲಿ ಒಮ್ಮೆ ನೋಡಿದರೆ ಇಪ್ಪತ್ತೈದು ಅಂಗುಲ. ತೋಟಕ್ಕೆ ಮರಳಿದಾಗ ಬೆಳಗಿನ ಎತ್ತರವೇ. ಕಾವಲು ಕೂತ ಪಾದ್ರಿ ತನ್ನ ನಳಿಗೆಯಲ್ಲಿ ಏನೊಂದೂ ಬದಲಾವಣೆಯಾಗಲಿಲ್ಲವೆಂದು ವರದಿಯೊಪ್ಪಿಸಿದನು.

ಈ ಪಾದ್ರಿಯ ವಿಚಾರದಲ್ಲಿ ನನಗೆ ವಿಶೇಷವಾದ ಗೌರವ. ಬೆಟ್ಟ ಹತ್ತಿದವರಿಗೆ ನೋಟವಿತ್ತು, ಸಂಗಡಿಗರಿದ್ದರು, ಆಶ್ಚರ್ಯವಿತ್ತು. ಏನೂ ಆಗದಿರುವುದನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತ ಕೂತವನಿಗೆ ಏನಿತ್ತು? ಅವನು ಕೂರದಿದ್ದರೆ, ಆ ದಿನ ಹವೆಯೇ ಬದಲಾಗಿ ಪಾದರಸ ಇಳಿದಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದಿತ್ತು.

ಪ್ಯಾರಿಸ್ಸಿನ ಅಂಗುಲವನ್ನು ನಮ್ಮ ಅಳತೆಗೆ ತಿರುಗಿಸಿದರೆ ತೋಟದಲ್ಲಿ ಎಪ್ಪತ್ತೊಂದು ಸೆಂಟಿಮೀಟರು, ನೆತ್ತಿಯಲ್ಲಿ ಅರವತ್ತಮೂರಕ್ಕೆ ಕೊಂಚ ಕಡಮೆ. ಎರಡರ ನಡುವಣ ಏರು ಸುಮಾರು ಸಾವಿರ ಮೀಟರು. ಮಂಗಳೂರಿನ ಬಂದರಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬಂದವನು ಏರುವುದೂ ಹೆಚ್ಚುಕಡಮೆ ಅಷ್ಟೇ, ಒಂಬೈನೂರ ಇಪ್ಪತ್ತು ಮೀಟರಿನ ಆಸುಪಾಸು. ನಮ್ಮ ಮೇಷ್ಟರ ನಳಿಗೆಯಲ್ಲಿ ಕಾಣೆಯಾಗಿದ್ದ ಏಳೂವರೆ ಸೆಂಟಿಮೀಟರು ಪೆರಿಯೆಯ ಮೂರಂಗುಲದ ದಾಯಾದಿಯೇ.

ಜರ್ಮನಿಯಲ್ಲಿ ಇದೇ ವೇಳೆಗೆ ಇನ್ನೊಬ್ಬನು ಶೂನ್ಯವನ್ನು ಬೇರೊಂದು ದಾರಿಯಿಂದ ಬೇಟೆಯಾಡುತ್ತಿದ್ದನು. ಮಾಗ್ಡೆಬುರ್ಗ್ ನಗರ 1631ರಲ್ಲಿ ಶತ್ರುಸೈನ್ಯದ ಕೈಗೆ ಸಿಕ್ಕಿ, ಸುಮಾರು 20,000 ಜನ ಸತ್ತು, ಬೂದಿಯಾದಾಗ ಅಲ್ಲಿಂದ ಹೇಗೋ ಬದುಕಿ ಬಂದು, ಮರಳಿ ಊರು ಕಟ್ಟಿಸಲು ದುಡಿದು, ಅದರ ಪುರಾಧ್ಯಕ್ಷನಾದ ಓಟೋ ಫಾನ್ ಗೆರಿಕೆ ಅವನು. ಮೊದಲು ಒಂದು ಬಿಯರಿನ ಪೀಪಾಯಿಗೆ ನೀರು ತುಂಬಿ, ಸಂದುಗಳನ್ನೆಲ್ಲ ಮೆತ್ತಿ, ಹಿತ್ತಾಳೆಯ ಪಿಚಕಾರಿಯಿಂದ ನೀರನ್ನು ಹೊರಗೆಳೆಸತೊಡಗಿದನು. ನೀರು ಬರಿದಾದಂತೆಲ್ಲ, ಮರದ ನರನರದೊಳಗಿನಿಂದ ಗಾಳಿ ನುಸುಳಿ, ಒಳಗೆ ಏನೋ ಕುದಿಯುತ್ತಿರುವಂತೆ ಸದ್ದಾಯಿತು. ಆ ಪೀಪಾಯಿಯನ್ನು ನೀರು ತುಂಬಿದ ಇನ್ನೊಂದು ದೊಡ್ಡ ಪೀಪಾಯಿಯೊಳಗೆ ಮುಳುಗಿಸಿ ಮತ್ತೆ ಮಾಡಿದರೆ, ಗುಬ್ಬಚ್ಚಿಯಂತೆ ಚಿಲಿಪಿಲಿಗುಟ್ಟುವ ದನಿ ಮೂರು ದಿನ ಕೇಳಿಸಿತಂತೆ. ಮರವನ್ನು ಬಿಟ್ಟು ತಾಮ್ರದ ಗೋಳವನ್ನು ಮಾಡಿಸಿ ಗಾಳಿಯನ್ನೇ ನೇರವಾಗಿ ಎಳೆಸಿದಾಗ, ಇಬ್ಬರು ಗಟ್ಟಿಗರು ಆಡುಬೆಣೆಯನ್ನು ಎಳೆಯುತ್ತಿದ್ದಂತೆ ಎಲ್ಲರ ಎದೆ ನಡುಗುವಂತೆ ಸದ್ದಾಗಿ, ಗೋಳ ಕೈಯಲ್ಲಿ ಹಿಂಡಿದ ಬಟ್ಟೆಯಂತೆ ಮುದುಡಿಹೋಯಿತು. ಕಮ್ಮಾರನ ತಟ್ಟುವಿಕೆಯಲ್ಲಿ ಎಲ್ಲಿಯೋ ದುಂಡು ತಪ್ಪಿತ್ತು. ಸರಿಯಾದ ದುಂಡಿನ ಇನ್ನೊಂದು ಗೋಳವನ್ನು ಮಾಡಿಸಿದ ಮೇಲೆ ಕೆಲಸ ಕೈಗೂಡಿತು.

ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಒಂದೊಂದು ಕಡೆಗೂ ಎಂಟೆಂಟು ಕುದುರೆ ಕಟ್ಟಿ ಎಳೆಸಿದ ಅವನ ಪ್ರದರ್ಶನ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಚಿತ್ರಸಮೇತವಾಗಿ ಇರುವುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಒಂದು ಮಾತನ್ನು ಮಾತ್ರ ಹೇಳುತ್ತೇನೆ: ಒಂದು ಕಡೆಯ ಎಂಟು ಕುದುರೆಗಳನ್ನು ಬಿಚ್ಚಿ ಆ ಕೊಂಡಿಯನ್ನು ಬಲವಾದ ಮರಕ್ಕೆ ಕಟ್ಟಿದ್ದರೂ ಎಳೆತ ಅಷ್ಟೇ ಇರುತ್ತಿತ್ತು. ಹದಿನಾರು ಕುದುರೆಗಳ ಬಲವೆಂದು ನಾವು ಬೆರಗಾಗುವುದು ಎಂಟೇ ಕುದುರೆಗಳ ಬಲಕ್ಕೆ. ಆದರೆ ಮರಕ್ಕೆ ಕಟ್ಟಿದ ಗೋಳವನ್ನು ನೋಡಲು ಅಷ್ಟು ಜನ ಸೇರುತ್ತಿದ್ದರೆ? ಪುರಾಧ್ಯಕ್ಷನಾಗಿದ್ದವನಿಗೆ ಜನರನ್ನು ಸೇರಿಸುವ ಬಗೆ ತಿಳಿದಿರಲೇಬೇಕು.

ಗೆರಿಕೆಯ ಯಂತ್ರದ ವೃತ್ತಾಂತವನ್ನು ಓದಿ, ರಾಬರ್ಟ್ ಹುಕ್ ಎಂಬ ಕುಶಲಿಯ ನೆರವಿನಿಂದ ಅದಕ್ಕಿಂತ ಒಳ್ಳೆಯದನ್ನು ಮಾಡಿಸಿಕೊಂಡವನು ಆಕ್ಸ್‌ಫರ್ಡಿನಲ್ಲಿದ್ದ ರಾಬರ್ಟ್ ಬಾಯಿಲ್. 1660ರಲ್ಲಿ ಅವನು ಪ್ರಕಟಿಸಿದ ಪ್ರಯೋಗಗಳನ್ನು ಫ್ರಾನ್ಸಿಸ್ ಲೈನ್ ಎಂಬ ಜೆಸುಯಿಟ್ ಪಾದ್ರಿಯೊಬ್ಬನು ಖಂಡಿಸಿ, ಪಾದರಸವನ್ನು ಮೇಲಿನಿಂದ ಎತ್ತಿ ಹಿಡಿದಿರುವುದು ಕಣ್ಣಿಗೆ ಕಾಣದ ಒಂದು ನೂಲೆಂದು ವಾದಿಸಿದನು. ಪಾದರಸ ತುಂಬಿದ, ಎರಡು ಕಡೆಯೂ ಬಾಯಿ ತೆರೆದ ನಳಿಗೆಯ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಬೆರಳನ್ನು ಒಳಕ್ಕೆ ಸೆಳೆದಂತಾಗುವುದಿಲ್ಲವೇ ಎಂಬುದು ಅವನ ಪ್ರಮಾಣ. ನಗುವ ಮೊದಲು ನಾವು ಒಮ್ಮೆ ಮಾಡಿ ನೋಡಬೇಕು. ನಿಜವಾಗಿಯೂ ಸೆಳೆದಂತೆಯೇ ಆಗುತ್ತದೆ. ನಾವು ಇಂದು ಯಾವುದಕ್ಕೆ ಬಾಯಿಲನ ನಿಯಮವೆಂದು ಹೆಸರಿಟ್ಟು ಮಕ್ಕಳಿಂದ ಕಂಠಪಾಠ ಮಾಡಿಸುತ್ತೇವೆಯೋ ಅದು, ಈ ನೂಲಿನ ವಾದಕ್ಕೆ ಕೊಟ್ಟ ಉತ್ತರದ ನಡುವೆ, 1662ರಲ್ಲಿ ಹುಟ್ಟಿದುದು. ಹಿಂದೆ ಹೆನ್ರಿ ಪವರ್, ರಿಚರ್ಡ್ ಟೌನ್ಲಿ ಎಂಬಿಬ್ಬರು ಇಂಗ್ಲೆಂಡಿನ ಒಂದು ಬೆಟ್ಟದ ಮೇಲೆ ಗಾಳಿಯ ಹಿಗ್ಗುವಿಕೆಯನ್ನು ಅಳೆದಿದ್ದರು. ಟೌನ್ಲಿಯ ಊಹೆಗೆ ತಾನು ಋಣಿಯೆಂಬುದನ್ನು ಬಾಯಿಲನು ಮರೆಮಾಚಲಿಲ್ಲ.

ಬಾಯಿಲನು ಬಳಸಿದುದು ಕೊಕ್ಕೆಯಂತೆ ಬಾಗಿದ ಗಾಜಿನ ನಳಿಗೆ. ಗಿಡ್ಡ ಕಾಲಿನ ತುದಿ ಮುಚ್ಚಿದೆ, ಉದ್ದ ಕಾಲಿನದು ತೆರೆದಿದೆ. ಉದ್ದ ಕಾಲು ಕೋಣೆಯಲ್ಲಿ ನಿಲ್ಲುವಂಥದಲ್ಲವಾದುದರಿಂದ ಮೆಟ್ಟಿಲ ಸಾಲಿನ ಎಡೆಯಲ್ಲಿ ನಿಲ್ಲಿಸಿ, ಒಬ್ಬನು ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಪಾದರಸವನ್ನು ಹುಯ್ಯುವುದು, ಇನ್ನೊಬ್ಬನು ಕೆಳಗೆ ಕುಳಿತು ಗಿಡ್ಡ ಕಾಲಿಗೆ ಅಂಟಿಸಿದ ಕಾಗದದ ಗೆರೆಗಳನ್ನು ಓದುವುದು. ಮೊದಲೊಂದು ನಳಿಗೆ ಒಡೆದುಹೋಗಿದ್ದುದರಿಂದ, ಬೆಲೆಯುಳ್ಳ ಪಾದರಸ ನೆಲದ ಪಾಲಾಗದಂತೆ ಬುಡದಲ್ಲಿ ಮರದ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಗಾಳಿ ನಲವತ್ತೆಂಟು ಭಾಗವಿದ್ದಾಗ ಒತ್ತಡ ಇಪ್ಪತ್ತೊಂಬತ್ತು ಅಂಗುಲಕ್ಕೆ ಎರಡು ವೀಸ ಹೆಚ್ಚು. ಗಾಳಿಯನ್ನು ಇಪ್ಪತ್ತನಾಲ್ಕು ಭಾಗಕ್ಕೆ ಇಳಿಸಿದಾಗ ಐವತ್ತೆಂಟು ಅಂಗುಲ, ಹದಿಮೂರು ವೀಸ. ಹನ್ನೆರಡಕ್ಕೆ ಇಳಿಸಿದಾಗ ನೂರ ಹದಿನೇಳು ಅಂಗುಲ, ಒಂಬತ್ತು ವೀಸ. ಗಾಳಿ ಎಷ್ಟು ಪಟ್ಟು ಕುಗ್ಗಿದರೆ ಒತ್ತಡ ಅಷ್ಟೇ ಪಟ್ಟು ಏರುವುದೆಂಬ ನಿಯಮದ ಪ್ರಕಾರ ಕೊನೆಯದು ನೂರ ಹದಿನಾರೂವರೆ ಇರಬೇಕಾಗಿತ್ತು. ಬಾಯಿಲನು ತನ್ನ ಕೋಷ್ಟಕದಲ್ಲಿ ಕಂಡ ಸಂಖ್ಯೆಯನ್ನೂ ಇರಬೇಕಾದ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದನು. ಒಂದಂಗುಲದ ತಪ್ಪನ್ನು ತಿದ್ದಿ ಮುಚ್ಚಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನ ಉತ್ತರವನ್ನು ಮೊದಲು ಬರೆದುಕೊಂಡು ಅಳತೆಗಳನ್ನು ಹಿಂದಿನಿಂದ ಹೊಂದಿಸುತ್ತಿದ್ದ ನಮ್ಮ ತರಗತಿಯ ಬಹುಪಾಲು ಜನರಿಗೆ ಈ ಕೋಷ್ಟಕವನ್ನು ಯಾರೂ ತೋರಿಸಿರಲಿಲ್ಲ.

ಬಾಯಿಲನ ಬಳಿ ಕೆಲಸ ಮಾಡಿದ ಡೆನಿ ಪಾಪೆನ್ ಎಂಬ ಫ್ರೆಂಚನು 1679ರಲ್ಲಿ, ಆವಿ ಹೊರಹೋಗದಂತೆ ಬಿಗಿಯಾಗಿ ಮುಚ್ಚುವ ಪಾತ್ರೆಯೊಂದನ್ನು ಲಂಡನ್ನಿನ ವಿದ್ವತ್ಸಭೆಗೆ ತೋರಿಸಿದನು. ಮೂಳೆ ಕೂಡ ಅದರಲ್ಲಿ ಮೆತ್ತಗಾಗುತ್ತಿತ್ತು. ಒತ್ತಡ ಮೀರಿದರೆ ತಾನಾಗಿ ತೆರೆಯುವ, ತೂಕ ಹೇರಿದ ಕವಾಟವನ್ನೂ ಅದಕ್ಕೆ ಜೋಡಿಸಿದನು. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ತೊಂಬತ್ತೇಳು ಡಿಗ್ರಿಗೇ ಕುದಿದುಬಿಡುವುದರಿಂದ, ಇನ್ನೂ ಎತ್ತರದ ಮಡಿಕೇರಿಯಲ್ಲಿ ಅದಕ್ಕೂ ಕೆಳಗೇ ಕುದಿಯುವುದರಿಂದ, ತೊಗರಿಬೇಳೆ ಬೇಯಲೊಲ್ಲದೆಂದು ಗೊಣಗುವ ಗೃಹಿಣಿಯರ ಅಡಿಗೆಮನೆಯಲ್ಲಿ ಇಂದು ಸೀಟಿ ಹಾಕುತ್ತಿರುವುದು ಪಾಪೆನ್ನನ ಆ ಪಾತ್ರೆಯ ಮೊಮ್ಮಗಳೇ.

ಅವನದೇ ಇನ್ನೊಂದು ಊಹೆ, ಉರುಳೆಯೊಳಗಿನ ಆವಿಯನ್ನು ತಣಿಸಿ ನೀರಾಗಿಸಿದರೆ ಉಂಟಾಗುವ ನಿರ್ವಾತದೊಳಕ್ಕೆ ಹೊರಗಿನ ವಾಯುಭಾರ ಆಡುಬೆಣೆಯನ್ನು ತಳ್ಳೀತೆಂಬುದು. ಅದು ಗಣಿಗಳ ಬಾಯಲ್ಲಿ ನಿಜವಾಯಿತು. 1712ರಲ್ಲಿ ಇಂಗ್ಲೆಂಡಿನ ಡಡ್ಲಿಯ ಬಳಿ, ಕಬ್ಬಿಣದ ಸಾಮಾನಿನ ವ್ಯಾಪಾರಿ ಥಾಮಸ್ ನ್ಯೂಕಮೆನ್ ನಿಲ್ಲಿಸಿದ ಎಂಜಿನು, ನಿಮಿಷಕ್ಕೆ ಹನ್ನೆರಡು ಸಲ ತೂಗಿ, ತೂಗಿಗೆ ಹತ್ತು ಗ್ಯಾಲನ್ನಿನಂತೆ, ನೂರ ಐವತ್ತಮೂರು ಅಡಿ ಆಳದಿಂದ ನೀರನ್ನೆತ್ತಿತು. ಇದರ ಸ್ವಾರಸ್ಯವನ್ನು ಗಮನಿಸಬೇಕು. ಹದಿನೆಂಟು ತೋಳಿನ ಮೇಲೆ ನೀರನ್ನು ಹೊರಲಾರೆನೆಂದು ಕೈಚೆಲ್ಲಿದ ಗಾಳಿಯೇ ಇಲ್ಲಿಯೂ ಕೂಲಿಯಾಳು; ಆದರೆ ಈಗ ಅದನ್ನು ನೀರಿನ ಮೇಲೆ ಕೂರಿಸಲಿಲ್ಲ, ಏತದಂಥ ದೊಡ್ಡ ತೊಲೆಯ ಒಂದು ತುದಿಯ ಆಡುಬೆಣೆಯ ಮೇಲೆ ಕೂರಿಸಿ, ಇನ್ನೊಂದು ತುದಿಗೆ ಗಣಿಯ ಆಳದವರೆಗೂ ಇಳಿಯುವ ಸರಳುಗಳನ್ನು ಕಟ್ಟಿದರು.

ಈ ಎಂಜಿನುಗಳ ಹಾಗೂ ಇವನ್ನು ಸುಧಾರಿಸಿದ ಜೇಮ್ಸ್ ವಾಟನ ಎಂಜಿನುಗಳ ನಡುವೆ ಬೆಳೆದವರು ಕಾರ್ನ್‌ವಾಲ್ ಸೀಮೆಯ ಗಣಿಗಾರರು. ಅವರ ಮೊಮ್ಮಕ್ಕಳು 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಹಿಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದರು. 1902ರಲ್ಲಿ ತೊಂಬತ್ತೆರಡು ಮೈಲಿಯ ತಂತಿಯ ಮೇಲೆ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದು ಉಗಿಯ ಯಂತ್ರಗಳಿಗೆ ವಿಶ್ರಾಂತಿ ಕೊಡಿಸಿದುದು ಬೇರೊಂದು ಕಥೆ. ಆದರೆ ಅಲ್ಲಿ ಹತ್ತು ಸಾವಿರ ಅಡಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫಿನ ಬಾವಿಯನ್ನು ನೆನೆದಾಗಲೆಲ್ಲ ನಮ್ಮ ಮುಂದಿನ ಬೆಂಚಿನ ಜಾಣ ನನ್ನ ಕಣ್ಣಿಗೆ ಕಟ್ಟುತ್ತಾನೆ. ಪೆರಿಯೆ ಬೆಟ್ಟ ಹತ್ತಿದುದಕ್ಕೆ ಬದಲಾಗಿ ಅವನು ಒಂದು ನಳಿಗೆಯನ್ನು ಹಿಡಿದು ಆ ಗಣಿಯೊಳಕ್ಕೆ ಇಳಿದಿದ್ದರೆ, ಸುಮಾರು ಮೂರು ಸಾವಿರ ಅಡಿಯ ಹೊತ್ತಿಗೆ ಸಮುದ್ರದ ಮಟ್ಟಕ್ಕೆ ಬಂದು ಪುಸ್ತಕದ ಎಪ್ಪತ್ತಾರು ಸೆಂಟಿಮೀಟರು ಅವನಿಗೆ ಸಿಕ್ಕುತ್ತಿತ್ತು. ಇನ್ನೂ ಇಳಿದರೆ ಪುಸ್ತಕವನ್ನೂ ಮೀರುತ್ತಿತ್ತು.

ಪಂಪಿನವನ ಮಾತನ್ನು ನಾನು ಕಿವಿಯಾರೆ ಕೇಳಿದುದು ಓದು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ, ನಮ್ಮೂರಿನ ತೋಟದಲ್ಲಿ. ದೊಡ್ಡಪ್ಪ ಕಪಿಲೆಯನ್ನು ಬಿಚ್ಚಿಸಿ ಬಾವಿಯ ಕಟ್ಟೆಯ ಮೇಲೆ ಮೂರು ಹಾರ್ಸ್‌ಪವರಿನ ಪಂಪ್‌ಸೆಟ್ಟನ್ನು ಕೂರಿಸಿದ್ದರು. ಮಾಘದವರೆಗೆ ಅದು ಸೊಗಸಾಗಿ ನೀರೆತ್ತಿ, ಫಾಲ್ಗುಣದಲ್ಲಿ ಬಾವಿಯ ನೀರು ಇಳಿದೊಡನೆ ಬರಿದೇ ಗುರುಗುಟ್ಟತೊಡಗಿತು. ಪೇಟೆಯಿಂದ ಬಂದ ಮೆಕ್ಯಾನಿಕ್ಕು ಫುಟ್‌ವಾಲ್ವನ್ನು ಎತ್ತಿ ನೋಡಿದ, ವಾಷರು ಬದಲಾಯಿಸಿದ, ಪಂಪಿನ ಬಾಯಿಗೆ ಬಿಂದಿಗೆಗಟ್ಟಲೆ ನೀರು ಹುಯ್ದ. ಕಡೆಗೆ ನೂಲಿನುಂಡೆಯ ತುದಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು, ಎಳೆದುಕೊಂಡು, ಮಾರು ಹಾಕಿ ಅಳೆದ.

"ಪಂಪು ಸರಿಯಾಗೇ ಇದೆ ಯಜಮಾನ್ರೇ. ಇಪ್ಪತ್ತೈದು ಅಡಿ ಮೇಲೆ ಯಾವ ಪಂಪೂ ಎಳೆಯಲ್ಲ."

"ಐದು ಹಾರ್ಸ್‌ಪವರಿಂದು ಹಾಕಿಸಿದರೆ?" ಎಂದರು ದೊಡ್ಡಪ್ಪ.

"ಐವತ್ತರದು ಹಾಕಿಸಿದರೂ ಅಷ್ಟೇ."

ಲೆಕ್ಕದ ಪ್ರಕಾರ ನಮ್ಮ ಸೀಮೆಯ ಎತ್ತರಕ್ಕೆ ಮೂವತ್ತು ಅಡಿ ಸಲ್ಲಬೇಕೆಂದೂ, ಕೊಳವೆಯ ತಿಕ್ಕಾಟದಲ್ಲಿಯೂ ಕವಾಟದ ಸೋರಿಕೆಯಲ್ಲಿಯೂ ಉಳಿದ ಐದಡಿ ಕಳೆಯುವುದೆಂದೂ ನಾನು ಹೇಳಹೊರಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಕ್ಯಾನಿಕ್ಕು ಬಾವಿಯೊಳಕ್ಕೆ ಬಗ್ಗಿ, ಮೆಟ್ಟಿಲ ಕೆಳಗೆ ಹದಿನೈದು ಅಡಿಯಲ್ಲಿದ್ದ ಕಲ್ಲಿನ ಚಾಚನ್ನು ಬೆರಳಿನಿಂದ ತೋರಿಸಿದ. ದೊಡ್ಡಪ್ಪ ಒಂದು ಗಳಿಗೆ ಅದನ್ನೇ ನೋಡಿ, ಆಳನ್ನು ಕೂಗಿ, ಕೊಟ್ಟಿಗೆಯ ಅಟ್ಟದ ಮೇಲೆ ಎಸೆದಿದ್ದ ಕಪಿಲೆಯ ಹಳೆಯ ಮಿಣಿಯನ್ನು ತರಹೇಳಿದರು. ಸಂಜೆಯಾಗುವುದರೊಳಗೆ ಆ ಮಿಣಿಯಲ್ಲಿಯೇ ಕಟ್ಟಿ ಪಂಪನ್ನು ಬಾವಿಯೊಳಕ್ಕೆ ಇಳಿಬಿಟ್ಟರು.